ರೈಲ್ವೆ ಗೇಟಿನ ಸಾಲು, ಸೀಮೆಎಣ್ಣೆಯ ಸಾಲು

ನಮ್ಮ ಮನೆ ಬೀವರ್ಟನ್‌ನಲ್ಲಿ, ನನ್ನ ಕಚೇರಿ ಪೋರ್ಟ್‌ಲ್ಯಾಂಡ್‌ನ ಪೇಟೆಯ ನಡುವೆ. ಎರಡಕ್ಕೂ ಇರುವ ನೇರ ದಾರಿ 26ನೇ ಹೆದ್ದಾರಿ. ವಿಸ್ಟಾ ರಿಡ್ಜ್ ಸುರಂಗ ಹೊಗುವ ಮೊದಲು ಈ ರಸ್ತೆ ಗುಡ್ಡದಿಂದ ಬಳುಕುತ್ತಾ ಇಳಿಯುತ್ತದೆ. ಬೆಳಗಿನ ಹೊತ್ತು ಅಲ್ಲಿ ವಾಹನಗಳು ನಿಲ್ಲುತ್ತವೆ, ಹತ್ತಡಿ ಸರಿಯುತ್ತವೆ, ಮತ್ತೆ ನಿಲ್ಲುತ್ತವೆ. ಮಳೆ ಬಿಟ್ಟ ತಿಂಗಳುಗಳಲ್ಲಿ ನಾನು ಬೈಕಿನಲ್ಲಿ ಹೋಗುತ್ತೇನೆ. ಸಾಲಿನ ತುದಿಯಲ್ಲಿ ನಾನೇ ಕೊನೆಯವನಾಗಿ ನಿಂತಾಗ, ಹಿಂದೆ ಇನ್ನೊಂದು ವಾಹನ ಬಂದು ನಿಲ್ಲುವವರೆಗಿನ ಆ ಹತ್ತು ಹದಿನೈದು ಸೆಕೆಂಡು, ನನ್ನ ಕಣ್ಣು ಮುಂದಿನ ರಸ್ತೆಯ ಮೇಲೆ ಇರುವುದೇ ಇಲ್ಲ. ಬಲಗನ್ನಡಿ, ಎಡಗನ್ನಡಿ, ಮತ್ತೆ ಬಲಗನ್ನಡಿ. ಬೈಕು ಮೊದಲ ಗೇರಿನಲ್ಲೇ ಇರುತ್ತದೆ, ಕ್ಲಚ್ ಒತ್ತಿಹಿಡಿದ ಬೆರಳುಗಳು ಜೋಮು ಹಿಡಿಯುತ್ತವೆ. ತಿರುವು ದಾಟಿ ಬರುವ ಕಾರಿನವರಿಗೆ ನಿಂತ ಸಾಲು ಎಷ್ಟು ದೂರದಿಂದ ಕಂಡಿತು, ಬ್ರೇಕಿನ ಮೇಲೆ ಕಾಲು ಬಿತ್ತೇ ಇಲ್ಲವೇ ಎಂಬುದನ್ನು ಆ ಕಾರಿನ ಮೂತಿ ಎಷ್ಟು ಕೆಳಕ್ಕೆ ಬಾಗಿತು ಎಂಬುದರಿಂದ ಲೆಕ್ಕ ಹಾಕುತ್ತೇನೆ.

ಎರಡು ಬೇಸಿಗೆಗಳ ಹಿಂದೆ ಒಂದು ಬೆಳಗ್ಗೆ ಒಂದು ಪಿಕಪ್ ಟ್ರಕ್ಕಿನ ಮೂತಿ ಬಾಗಲಿಲ್ಲ. ಬಾಗಿದಾಗ ಹೊತ್ತು ಮೀರಿತ್ತು. ಟೈರು ಕಿರುಚಿದ ಸದ್ದು ಕೇಳುವ ಮೊದಲೇ ಕೈ ತನ್ನಷ್ಟಕ್ಕೆ ಕ್ಲಚ್ ಬಿಟ್ಟಿತ್ತು. ಎರಡು ಸಾಲು ಕಾರುಗಳ ನಡುವಿನ ಸಂದಿಯೊಳಗೆ ಬೈಕಿನ ಸಮೇತ ತೂರಿಕೊಂಡಿದ್ದೆ. ತಿರುಗಿ ನೋಡಿದರೆ ನಾನು ನಿಂತಿದ್ದ ಜಾಗದಲ್ಲಿ ಪಿಕಪ್ಪಿನ ಬಂಪರ್ ಇತ್ತು. ಮುಂದಿನ ಕಾರಿಗೆ ಅದು ತಾಕಲು ಒಂದು ಗೇಣು ಉಳಿದಿತ್ತು. ಆ ಒಂದು ಗೇಣಿನಲ್ಲಿ ನನ್ನ ಬೈಕು ಹಿಡಿಸುತ್ತಿರಲಿಲ್ಲ. ನಡುಗುತ್ತಿದ್ದ ಕಾಲನ್ನು ನೆಲಕ್ಕೆ ಊರಿ ಉಸಿರು ಹಿಡಿದು ನಿಂತಿದ್ದಾಗ ಪಕ್ಕದ ಪಥದ ಕಾರಿನ ಗಾಜು ಕೆಳಗಿಳಿಯಿತು. ಐವತ್ತರ ಆಸುಪಾಸಿನ ಗಂಡಸು, ಇಸ್ತ್ರಿ ಮಾಡಿದ ಅಂಗಿ. ಏನಾದರೂ ಪೆಟ್ಟಾಯಿತೇ ಎಂದು ಕೇಳುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು, "ಎಲ್ಲರ ಹಾಗೆ ಸಾಲಿನಲ್ಲಿ ನಿಲ್ಲಲು ನಿಮಗೇನು ಕಷ್ಟ?" ಎಂದು.

ಅವರು ಹಿಂದಿನ ಟ್ರಕ್ಕನ್ನು ನೋಡಿಯೇ ಇರಲಿಲ್ಲ. ಅವರಿಗೆ ಕಂಡದ್ದು ಸಂದಿಯಲ್ಲಿ ನುಗ್ಗಿ ಬಂದ ಒಂದು ಬೈಕು ಮಾತ್ರ. ನಾನು ಉತ್ತರ ಕೊಡಲಿಲ್ಲ, ಕೊಡಲು ಬಾಯಿ ಒಣಗಿತ್ತು. ಆದರೆ ಆ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ನಿಂತ ವಾಹನಗಳ ನಡುವೆ ಬೈಕು ಸಾಗಲು ಕಾನೂನು ಅನುಮತಿ ಕೊಡಬೇಕೇ ಬೇಡವೇ ಎಂದು ಅಮೆರಿಕದ ಹಲವು ರಾಜ್ಯಗಳ ಶಾಸನಸಭೆಗಳಲ್ಲಿ ವರ್ಷಗಳಿಂದ ನಡೆಯುತ್ತಿರುವ ಚರ್ಚೆಯನ್ನು ನಾನು ಸಾಕಷ್ಟು ಓದಿದ್ದೇನೆ, ಕೇಳಿದ್ದೇನೆ. ಮೇಲ್ನೋಟಕ್ಕೆ ಅಲ್ಲಿ ಎಲ್ಲರೂ ಮಾತಾಡುವುದು ಸುರಕ್ಷತೆಯ ಬಗ್ಗೆ. ಒಳಗೆ ಕುದಿಯುತ್ತಿರುವುದು ಆ ಗಾಜು ಇಳಿಸಿದವರ ಪ್ರಶ್ನೆಯೇ ಎಂಬ ಅನುಮಾನ ನನ್ನದು.

ಗಡಿ ದಾಟಿದ ಮೇಲೆ

ಒರೆಗಾನ್‌ಗೆ ಬರುವ ಮೊದಲು ಏಳು ವರ್ಷ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೆ. 2019ರಲ್ಲಿ ಊರು ಬದಲಿಸುವಾಗ ಸಾಮಾನೆಲ್ಲ ಲಾರಿಯಲ್ಲಿ ಹೋಯಿತು, ಹೆಂಡತಿ ಮಗಳು ವಿಮಾನದಲ್ಲಿ ಹೋದರು, ನಾನು ಬೈಕಿನಲ್ಲಿ ಐದನೇ ಅಂತರರಾಜ್ಯ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟೆ. ಹಿಲ್ಟ್ ಎಂಬ ಪುಟ್ಟ ಊರು ದಾಟಿದರೆ ಒರೆಗಾನ್ ಶುರು, ಆಮೇಲೆ ಸಿಸ್ಕಿಯೂ ಕಣಿವೆಮಾರ್ಗದ ಏರು. ಗಡಿಯ ಈಚೆಗೂ ಆಚೆಗೂ ಅದೇ ಡಾಂಬರು, ಅದೇ ಬಿಳಿ ಗೆರೆ, ಅದೇ ಪೈನ್ ಮರಗಳು. ಆದರೆ ಆ ಫಲಕ ದಾಟಿದ ಕ್ಷಣದಿಂದ, ಬೆಳಗ್ಗೆ ಸ್ಯಾಕ್ರಮೆಂಟೊ ಹತ್ತಿರ ನಾನು ಪೊಲೀಸರ ಕಣ್ಣೆದುರೇ ಮಾಡಿದ್ದ ಕೆಲಸ ತಪ್ಪಾಗುತ್ತಿತ್ತು. ಒರೆಗಾನ್ ಕಾನೂನಿನಲ್ಲಿ ಎರಡು ಬೈಕುಗಳು ಒಂದೇ ಪಥದಲ್ಲಿ ಅಕ್ಕಪಕ್ಕ ಹೋಗಬಹುದು. ಒಂದು ಬೈಕು ಅದೇ ಪಥದಲ್ಲಿ ಕಾರಿನ ಪಕ್ಕದಿಂದ ದಾಟಿ ಹೋಗುವಂತಿಲ್ಲ. ಕಾರು ಓಡುತ್ತಿರಲಿ, ಅರ್ಧ ಗಂಟೆಯಿಂದ ಅಲ್ಲೇ ನಿಂತಿರಲಿ, ನಿಯಮ ಒಂದೇ.

ಕ್ಯಾಲಿಫೋರ್ನಿಯಾದಲ್ಲೂ ಸಂದಿಯ ಸವಾರಿಗೆ ಒಪ್ಪಿಗೆ ಒಂದೇ ದಿನ ಸಿಕ್ಕಿದ್ದಲ್ಲ. ಅಲ್ಲಿ ಬಹಳ ಕಾಲ ಇದನ್ನು ಮಾಡಬಹುದು ಎಂಬ ಕಾನೂನೂ ಇರಲಿಲ್ಲ, ಮಾಡಬಾರದು ಎಂಬ ಕಾನೂನೂ ಇರಲಿಲ್ಲ. ಜನ ಮಾಡುತ್ತಿದ್ದರು, ಪೊಲೀಸರು ಬಿಡುತ್ತಿದ್ದರು. 2013ರಲ್ಲಿ ಅಲ್ಲಿನ ಹೆದ್ದಾರಿ ಗಸ್ತು ಪೊಲೀಸರು, ಮಾಡುವುದಾದರೆ ಹೀಗೆ ಮಾಡಿ ಎಂದು ಸವಾರರಿಗೆ ಕೆಲವು ಸೂಚನೆಗಳನ್ನು ಪ್ರಕಟಿಸಿದರು. ಕ್ರಮಬದ್ಧ ಪ್ರಕ್ರಿಯೆ ಇಲ್ಲದೆ ಇಲಾಖೆಯೊಂದು ಹಿಂಬಾಗಿಲಿನಿಂದ ನಿಯಮ ಮಾಡಿದಂತಾಯಿತು ಎಂದು ಆಕ್ಷೇಪ ಬಂದು, ಮರುವರ್ಷವೇ ಅವನ್ನು ತೆಗೆದುಹಾಕಬೇಕಾಯಿತು. ಒಳ್ಳೆಯ ಮಾತು ಹೇಳಲೂ ಅಧಿಕಾರ ಬೇಕು ಎಂದಾಯಿತು. ನಾನು ಅಲ್ಲಿ ಬೈಕು ಕೊಂಡದ್ದು ಆ ಸೂಚನೆಗಳು ಮಾಯವಾದ ನಂತರ. ಹಳೆಯ ಸವಾರರ ಬಾಯಿಂದ ಕೇಳಿಯೇ ಕಲಿತೆ. ಶಾಸಕ ಬಿಲ್ ಕ್ವಿರ್ಕ್ ತಂದ ಮಸೂದೆ ಮೊದಲ ರೂಪದಲ್ಲಿ ವೇಗದ ಮಿತಿ ಹೇಳಿತ್ತು: ಸುತ್ತಲಿನ ವಾಹನಗಳಿಗಿಂತ ಗಂಟೆಗೆ 15 ಮೈಲಿಗಿಂತ ಹೆಚ್ಚಿರಬಾರದು, 50 ಮೈಲಿ ಮೀರಬಾರದು. ಚರ್ಚೆಯಲ್ಲಿ ಅಂಕಿಗಳು ಬಿದ್ದುಹೋದವು. 2016ರ ಆಗಸ್ಟ್‌ನಲ್ಲಿ ಗವರ್ನರ್ ಜೆರ್ರಿ ಬ್ರೌನ್ ಸಹಿ ಹಾಕಿದ ಕಾನೂನು ಈ ಸವಾರಿ ಎಂದರೇನು ಎಂಬ ವ್ಯಾಖ್ಯೆ ಕೊಟ್ಟು, ಸುರಕ್ಷತೆಯ ಸೂಚನೆ ಬರೆಯುವ ಅಧಿಕಾರವನ್ನು ಹೆದ್ದಾರಿ ಪೊಲೀಸರಿಗೆ ಒಪ್ಪಿಸಿತು. 2017ರ ಜನವರಿ 1ರಿಂದ ಜಾರಿ. ಅಮೆರಿಕದಲ್ಲಿ ಇದನ್ನು ಬರಹದಲ್ಲಿ ಒಪ್ಪಿದ ಮೊದಲ ರಾಜ್ಯ ಅದು.

ಒರೆಗಾನ್‌ನ ಕಥೆ ಬೇರೆ. 2021ರಲ್ಲಿ ಇಲ್ಲಿನ ಶಾಸನಸಭೆಯ ಎರಡೂ ಸದನಗಳು ಒಂದು ಮಸೂದೆಯನ್ನು ಅಂಗೀಕರಿಸಿದವು. ಎಷ್ಟು ಎಚ್ಚರಿಕೆಯ ಮಸೂದೆ ಎಂದರೆ, ಊರೊಳಗಿನ ಬೀದಿಗಳಿಗೆ ಅದು ಅನ್ವಯಿಸುತ್ತಲೇ ಇರಲಿಲ್ಲ. ವೇಗಮಿತಿ 50 ಮೈಲಿ ಅಥವಾ ಅದಕ್ಕಿಂತ ಹೆಚ್ಚಿರುವ ಹೆದ್ದಾರಿ. ಅಲ್ಲಿ ವಾಹನಗಳು 10 ಮೈಲಿ ಅಥವಾ ಅದಕ್ಕಿಂತ ನಿಧಾನಕ್ಕೆ ಇಳಿದಿರಬೇಕು. ಬೈಕು ಅವುಗಳಿಗಿಂತ 10 ಮೈಲಿ ಮಾತ್ರ ಹೆಚ್ಚಿನ ವೇಗದಲ್ಲಿ ಸಾಗಬಹುದು. ಅಂದರೆ ಅತಿ ಹೆಚ್ಚೆಂದರೆ ಗಂಟೆಗೆ 32 ಕಿಲೋಮೀಟರ್. ತಿಪಟೂರಿನಲ್ಲಿ ನಮ್ಮ ಮೇಷ್ಟರ ಲೂನಾ ಹೋಗುತ್ತಿದ್ದ ವೇಗ. ಗವರ್ನರ್ ಕೇಟ್ ಬ್ರೌನ್ ಸುರಕ್ಷತೆಯ ಮತ್ತು ಜಾರಿಯ ಬಗ್ಗೆ ಆತಂಕಗಳಿವೆ ಎಂದು ಮಸೂದೆಯನ್ನು ತಿರಸ್ಕರಿಸಿದರು. ಆಗ ನನಗೆ ಇಲ್ಲಿ ಮತದ ಹಕ್ಕೂ ಇರಲಿಲ್ಲ. ಆದರೂ ಅಂದು ಸಂಜೆ ಊಟ ಸೇರಲಿಲ್ಲ. ಆಮೇಲೆ ಬೈಕಿನ ಮರುತರಬೇತಿಗೆಂದು ಇಲ್ಲಿ ಒಂದು ಶನಿವಾರ ಹೋಗಿದ್ದೆ. ನಿಂತ ಸಾಲಿನ ಕೊನೆಯಲ್ಲಿರುವಾಗ ಏನು ಮಾಡಬೇಕು ಎಂಬುದನ್ನು ಅಲ್ಲಿನ ಶಿಕ್ಷಕಿ ಚೆನ್ನಾಗಿ ಹೇಳಿಕೊಟ್ಟರು: ನ್ಯೂಟ್ರಲ್‌ಗೆ ಹಾಕಬೇಡಿ, ಬ್ರೇಕ್ ದೀಪ ಮಿನುಗಿಸಿ, ಪಥದ ನಟ್ಟನಡುವೆ ನಿಲ್ಲದೆ ಒಂದು ಅಂಚಿಗೆ ನಿಲ್ಲಿ, ಹಿಂದಿನವರು ನಿಲ್ಲದಿದ್ದರೆ ನುಸುಳಿಕೊಳ್ಳಲು ಸಂದಿ ನೋಡಿಟ್ಟುಕೊಂಡಿರಿ. ಜೀವ ಉಳಿಸುವ ಜಾಗ ಆ ಸಂದಿ ಎಂದು ತರಬೇತಿ ಹೇಳುತ್ತದೆ. ಗುದ್ದುವ ವಾಹನ ಬರುವವರೆಗೆ ಅಲ್ಲಿ ಕಾಲಿಡಬೇಡ ಎಂದು ಕಾನೂನು ಹೇಳುತ್ತದೆ.

ಎರಡು ಸಾಲುಗಳು

ಸಾಲು ಎಂದರೆ ನನಗೆ ಮೊದಲು ನೆನಪಾಗುವುದು ಸೀಮೆಎಣ್ಣೆ. ಎಂಬತ್ತರ ದಶಕ, ತಿಪಟೂರು. ನ್ಯಾಯಬೆಲೆ ಅಂಗಡಿಗೆ ಎಣ್ಣೆ ಬಂದಿದೆ ಎಂಬ ಸುದ್ದಿ ಬಂದರೆ ಅಪ್ಪ ಶಾಲೆಗೆ ಹೋಗುವ ಮೊದಲು ನನ್ನನ್ನು ಡಬ್ಬ ಕೊಟ್ಟು ಸಾಲಿನಲ್ಲಿ ನಿಲ್ಲಿಸುತ್ತಿದ್ದರು. ಕೆಲವರು ತಮ್ಮ ಬದಲಿಗೆ ಕಲ್ಲನ್ನೋ ಚೀಲವನ್ನೋ ಇಟ್ಟು ನೆರಳಿಗೆ ಹೋಗುತ್ತಿದ್ದರು. ಕಲ್ಲಿಗೂ ಸಾಲಿನಲ್ಲಿ ಮರ್ಯಾದೆ ಇತ್ತು. ಒಂದು ಸಲ ಬಿಸಿಲೇರುವವರೆಗೆ ನಿಂತು ಇನ್ನೇನು ಐದು ಜನ ಮುಂದಿದ್ದಾರೆ ಎನ್ನುವಾಗ ಅಂಗಡಿಯವನಿಗೆ ಬೇಕಾದ ಇಬ್ಬರು ಪಕ್ಕದ ಬಾಗಿಲಿನಿಂದ ದೊಡ್ಡ ಕ್ಯಾನುಗಳನ್ನು ತಂದರು. ಅವರಿಗೆ ಅಳೆದು ಕೊಟ್ಟ ಮೇಲೆ ಪೀಪಾಯಿ ಬಗ್ಗಿಸಿ ತೋರಿಸಿ, ಮುಗಿಯಿತು ನಾಳೆ ಬನ್ನಿ ಎಂದ. ಅಷ್ಟರಲ್ಲಿ ಅಪ್ಪ ಬಂದಿದ್ದರು. ಅವರು ಜಗಳವಾಡುವ ಸ್ವಭಾವದವರಲ್ಲ. ಖಾಲಿ ಡಬ್ಬ ನನ್ನ ಕೈಯಿಂದ ತೆಗೆದುಕೊಂಡರು, ದಾರಿಯುದ್ದಕ್ಕೂ ಮಾತಾಡಲಿಲ್ಲ. ಅಂದು ರಾತ್ರಿ ಅಮ್ಮ ಲಾಟೀನಿನ ಬತ್ತಿಯನ್ನು ಎಷ್ಟು ಇಳಿಸಿದ್ದರೆಂದರೆ ಪುಸ್ತಕದ ಅಕ್ಷರ ಕಾಣಲಿಲ್ಲ. ಸಾಲು ಮುರಿಯುವವರ ಮೇಲೆ ನನಗೆ ಇವತ್ತಿಗೂ ಇರುವ ಸಿಟ್ಟು ಆ ಮಂದ ಬೆಳಕಿನಲ್ಲಿ ಹುಟ್ಟಿದ್ದು.

ಅದೇ ಊರಿನಲ್ಲಿ ಇನ್ನೊಂದು ಸಾಲಿತ್ತು, ರೈಲ್ವೆ ಗೇಟಿನದು. ಗೇಟು ಬಿದ್ದರೆ ಕಾಯುವುದು ಎಷ್ಟು ಹೊತ್ತು ಎಂದು ಹೇಳುವಂತಿರಲಿಲ್ಲ. ಕೊಬ್ಬರಿ ಚೀಲ ತುಂಬಿದ ಲಾರಿಗಳು, ಬಸ್ಸುಗಳು, ಎತ್ತಿನ ಗಾಡಿಗಳು ಒಂದರ ಹಿಂದೆ ಒಂದು ನಿಲ್ಲುತ್ತಿದ್ದವು. ಅವುಗಳ ಪಕ್ಕದಲ್ಲಿ ಸೈಕಲ್ಲಿನವರು ಇಳಿದು, ಹ್ಯಾಂಡಲ್ ಹಿಡಿದು, ಚಕ್ರಕ್ಕೂ ಲಾರಿಯ ಟೈರಿಗೂ ನಡುವೆ ಮೈ ಓರೆ ಮಾಡಿಕೊಂಡು ಗೇಟಿನ ಕಂಬದವರೆಗೂ ಹೋಗಿ ನಿಲ್ಲುತ್ತಿದ್ದರು. ನಾನೂ ಹೋಗಿದ್ದೇನೆ. ಲಾರಿ ಡ್ರೈವರ್ ಬಾಗಿಲಿನ ಮೇಲೆ ಮೊಣಕೈ ಇಟ್ಟು ಬೀಡಿ ಸೇದುತ್ತಾ, "ಹುಷಾರಪ್ಪ, ಕನ್ನಡಿ ತಾಗೀತು" ಎನ್ನುತ್ತಿದ್ದನೇ ಹೊರತು, ಸಾಲಿನಲ್ಲಿ ನಿಲ್ಲು ಎಂದು ಒಬ್ಬರೂ ಹೇಳಿದ್ದು ಕೇಳಿಲ್ಲ. ಗೇಟು ಎದ್ದರೆ ಸೈಕಲ್ಲುಗಳು ಹಕ್ಕಿ ಹಿಂಡಿನ ಹಾಗೆ ಮೊದಲು ಹಾರಿಹೋಗುತ್ತಿದ್ದವು, ಲಾರಿಗಳು ಏದುಸಿರು ಬಿಡುತ್ತಾ ಹಿಂದೆ ಬರುತ್ತಿದ್ದವು.

ಎರಡರಲ್ಲೂ ಹಿಂದೆ ಬಂದವನು ಮುಂದೆ ಹೋದ. ಒಂದರಲ್ಲಿ ನಾನು ಅತ್ತೆ, ಇನ್ನೊಂದರಲ್ಲಿ ಯಾರಿಗೂ ಏನೂ ಅನ್ನಿಸಲಿಲ್ಲ. ಬಹಳ ವರ್ಷ ಈ ವ್ಯತ್ಯಾಸವನ್ನು ನಾನು ಎದುರಿಟ್ಟುಕೊಂಡು ನೋಡಿರಲಿಲ್ಲ. ಸುರಂಗದ ಬಳಿಯ ಆ ಪ್ರಶ್ನೆ ನೋಡುವಂತೆ ಮಾಡಿತು. ಸೀಮೆಎಣ್ಣೆ ಪೀಪಾಯಿಯಲ್ಲಿದ್ದಷ್ಟೇ. ಮುಂದೆ ಹೋದವನು ಒಯ್ದದ್ದು ನನ್ನ ಪಾಲು. ಗೇಟಿನ ಸಾಲಿನಲ್ಲಿ ಸೈಕಲ್ಲಿನವನು ಲಾರಿಯಿಂದ ಏನನ್ನೂ ಒಯ್ಯಲಿಲ್ಲ. ಲಾರಿ ಹಿಡಿಸದ ಜಾಗದಲ್ಲಿ ಅವನು ಹೋದ, ಲಾರಿ ಹೊರಡುವುದು ಅವನಿಂದ ಒಂದು ಗಳಿಗೆಯೂ ತಡವಾಗಲಿಲ್ಲ. ಹೆದ್ದಾರಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳಬಹುದು. ನಾನು ಪಥದೊಳಗೆ ನಿಂತರೆ ಒಂದು ಕಾರಿನಷ್ಟು ಜಾಗ ತಿನ್ನುತ್ತೇನೆ, ನನ್ನ ಹಿಂದಿನವರು ಆ ಒಂದು ಕಾರಿನಷ್ಟು ಹಿಂದೆಯೇ ಇರುತ್ತಾರೆ. ಸಂದಿಯಲ್ಲಿ ಹೋದರೆ ಆ ಜಾಗ ಅವರದ್ದು. ಬೆಲ್ಜಿಯಂನ ಸಂಶೋಧನಾ ಸಂಸ್ಥೆಯೊಂದು ಲೂವೆನ್ ಮತ್ತು ಬ್ರಸೆಲ್ಸ್ ನಡುವಿನ ಹೆದ್ದಾರಿಯ ಲೆಕ್ಕ ಹಾಕಿ, ಕಾರಿನವರಲ್ಲಿ ಶೇ 10 ಮಂದಿ ಬೈಕಿಗೆ ಬದಲಾದರೆ ಎಲ್ಲರೂ ಸೇರಿ ದಟ್ಟಣೆಯಲ್ಲಿ ಕಳೆದುಕೊಳ್ಳುವ ಸಮಯ ಶೇ 40ರಷ್ಟು ಇಳಿಯುತ್ತದೆ ಎಂದಿತ್ತು. ಕಾರಿನಲ್ಲೇ ಉಳಿದವರಿಗೂ ಅದರಲ್ಲಿ ಪಾಲಿದೆ. ಗಾಜು ಇಳಿಸಿದ ಆ ಮನುಷ್ಯ ಸೀಮೆಎಣ್ಣೆಯ ಸಾಲಿನಲ್ಲಿ ನಿಂತಿದ್ದೇನೆ ಎಂದುಕೊಂಡಿದ್ದರು. ನಿಜಕ್ಕೂ ಅವರು ನಿಂತಿದ್ದದ್ದು ರೈಲ್ವೆ ಗೇಟಿನಲ್ಲಿ.

ಮಡಿವಾಳದ ಮಳೆ

ಇಷ್ಟು ಹೇಳಿದರೆ, ಬೆಂಗಳೂರನ್ನು ಕಂಡವರು ಯಾರೂ ನನ್ನನ್ನು ಸುಮ್ಮನೆ ಬಿಡುವುದಿಲ್ಲ ಎಂಬುದು ಗೊತ್ತು. ಅಲ್ಲಿ ಪ್ರತಿ ಸಂದಿಯಲ್ಲೂ ಗಾಡಿಗಳಿವೆ, ಏನು ಸುಖ ಕಂಡೆವು ಎಂದು ಕೇಳುತ್ತಾರೆ. ಕೇಳಬೇಕಾದ ಮಾತೇ.

2004ರಿಂದ ಏಳೆಂಟು ವರ್ಷ ನಾನು ಜಯನಗರದಿಂದ ಹೊಸೂರು ರಸ್ತೆಯ ಕಚೇರಿಗೆ ಸ್ಪ್ಲೆಂಡರ್‌ನಲ್ಲಿ ಓಡಾಡಿದೆ. ಒಂದು ಅಕ್ಟೋಬರ್ ಸಂಜೆ ಮಡಿವಾಳದ ಹತ್ತಿರ, ಮಳೆ ಆಗಷ್ಟೇ ನಿಂತು ರಸ್ತೆಯಂಚಿನಲ್ಲಿ ಮೊಣಕಾಲೆತ್ತರ ಕೆಂಪು ನೀರು ನಿಂತಿದ್ದಾಗ, ಒಂದು ಬಸ್ಸಿಗೂ ಮರಳಿನ ಲಾರಿಗೂ ನಡುವೆ ಒಂದು ಸಂದಿ ತೆರೆಯಿತು. ನನ್ನ ಮುಂದೆ ಒಂದು ಸ್ಕೂಟರ್ ಇತ್ತು. ಗಂಡ ಓಡಿಸುತ್ತಿದ್ದ, ಹೆಂಡತಿ ಒಂದೇ ಪಕ್ಕಕ್ಕೆ ಕಾಲು ಹಾಕಿ ಕುಳಿತಿದ್ದರು, ಮಡಿಲಲ್ಲಿ ತರಕಾರಿ ಚೀಲ. ಅವರು ನುಗ್ಗಿದರು, ಅವರ ಹಿಂದೆ ನಾನು. ಅರ್ಧ ದಾಟುವಷ್ಟರಲ್ಲಿ ಬಸ್ಸು ಎಡಕ್ಕೆ ವಾಲಿತು. ಮುಂದಿನ ಗುಂಡಿ ತಪ್ಪಿಸಲು ಡ್ರೈವರ್ ತಿರುಗಿಸಿದ್ದಷ್ಟೇ; ಅವನ ಕನ್ನಡಿಯಲ್ಲಿ ಇಡೀ ಊರಿನ ದೀಪಗಳು ಇದ್ದವು, ಆ ಸ್ಕೂಟರಿನದು ಯಾವುದು ಎಂದು ಅವನಿಗೆ ಹೇಗೆ ತಿಳಿಯಬೇಕು? ಸ್ಕೂಟರಿನ ಹ್ಯಾಂಡಲ್ ಬಸ್ಸಿನ ಮೈಗೆ ಉಜ್ಜಿತು. ಆ ತಾಯಿ ಲಾರಿಯ ಕಡೆಗೆ ಬಿದ್ದರು. ಲಾರಿ ನಿಂತಿತ್ತು, ಅದೊಂದೇ ಪುಣ್ಯ. ಕೆಳಗಿಳಿದು ಎತ್ತಿದಾಗ ಅವರ ಮುಂಗೈ ಬಾಗಬಾರದ ಕಡೆ ಬಾಗಿತ್ತು. ಅವರು ಅಳಲಿಲ್ಲ. ನೀರಿನಲ್ಲಿ ತೇಲುತ್ತಿದ್ದ ಬದನೆಕಾಯಿಗಳನ್ನು ನೋಡುತ್ತಾ, "ಚೀಲ, ಚೀಲ" ಎಂದರು. ಹತ್ತು ನಿಮಿಷದಲ್ಲಿ ಜನ ಸೇರಿ ಬಸ್ ಡ್ರೈವರನ್ನು ಕೆಳಗೆಳೆದರು. ಅವನು ಕೈಮುಗಿದು, "ಕಾಣಿಸಲಿಲ್ಲ ಸ್ವಾಮಿ, ದೇವರಾಣೆ ಕಾಣಿಸಲಿಲ್ಲ" ಎನ್ನುತ್ತಿದ್ದ. ಗಂಡ, "ಎಲ್ಲರೂ ಹೋಗುತ್ತಾರಲ್ಲ, ಹಾಗೆ ಹೋದೆವು" ಎನ್ನುತ್ತಿದ್ದ. ಇಬ್ಬರೂ ಹೇಳಿದ್ದು ನಿಜ. ನಾನು ಆಟೊ ಹಿಡಿದು ಅವರಿಬ್ಬರನ್ನೂ ಆಸ್ಪತ್ರೆಗೆ ಕಳಿಸಿ, ಅವರ ಸ್ಕೂಟರನ್ನು ಒಂದು ಬೇಕರಿಯ ಮುಂದೆ ನಿಲ್ಲಿಸಿ ಮನೆಗೆ ಹೋದೆ. ಮರುದಿನ ಅದೇ ಜಾಗದಲ್ಲಿ ಅಂಥದೇ ಸಂದಿಯಲ್ಲಿ ನುಗ್ಗಿದೆ. ಕಚೇರಿಗೆ ಹೊತ್ತಾಗಿತ್ತು.

ನಮ್ಮ ದೇಶದಲ್ಲಿ ಇದಕ್ಕೆ ಕಾನೂನು ಇಲ್ಲವೆಂದಲ್ಲ. ಗೆರೆ ಎಳೆದ ರಸ್ತೆಯಲ್ಲಿ ಪಥದೊಳಗೇ ಸಾಗಬೇಕು, ಪಥ ಬದಲಿಸುವಾಗ ಸೂಚನೆ ಕೊಡಬೇಕು ಎಂದು 1989ರ ರಸ್ತೆ ನಿಯಮಗಳಲ್ಲೇ ಇತ್ತು. ರಸ್ತೆಯಲ್ಲಿ ಅದರ ಗುರುತಿಲ್ಲ. ನುಗ್ಗುವುದು ಎಲ್ಲರ ಅಭ್ಯಾಸವಾಗಿದ್ದರೂ, ಎಷ್ಟು ವೇಗದಲ್ಲಿ, ಯಾವ ವಾಹನದ ಪಕ್ಕ, ಯಾವ ಕಡೆಯಿಂದ ಎಂಬ ಯಾವ ತಿಳಿವಳಿಕೆಯೂ ಜನರ ನಡುವೆ ಬೆಳೆದಿಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇ 44.5ರಷ್ಟು ಜನ ದ್ವಿಚಕ್ರ ವಾಹನಗಳಲ್ಲಿದ್ದವರು. ಇವರೆಲ್ಲ ಸಂದಿಯಲ್ಲಿ ಸತ್ತವರಲ್ಲ, ಹಾಗೆ ಹೇಳುವುದು ತಪ್ಪು. ಆದರೆ ಈ ಸಂಖ್ಯೆಯನ್ನು ಬದಿಗಿಟ್ಟು ಬೈಕಿನ ಪರವಾಗಿ ವಾದ ಮಾಡುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ. ರೈಲ್ವೆ ಗೇಟಿನ ಸೈಕಲ್ಲಿನವನು ಇಳಿದು ತಳ್ಳಿಕೊಂಡು ಹೋಗುತ್ತಿದ್ದ, ಲಾರಿ ನಿಂತಿರುತ್ತಿತ್ತು, ಡ್ರೈವರ್ ಅವನನ್ನು ನೋಡುತ್ತಿದ್ದ. ಮಡಿವಾಳದಲ್ಲಿ ಈ ಮೂರರಲ್ಲಿ ಒಂದೂ ಇರಲಿಲ್ಲ.

ಛಾವಣಿಯ ಮೇಲೆ ಬಡಿದ ಕೈ

ಫ್ರೀಮಾಂಟ್‌ಗೆ ಬಂದ ಹೊಸತರಲ್ಲಿ ನನ್ನ ಬಳಿ ಕಾರು ಮಾತ್ರ ಇತ್ತು. 2014ರ ಒಂದು ಸಂಜೆ 880ನೇ ಹೆದ್ದಾರಿಯ ಆಮೆವೇಗದ ಸಾಲಿನಲ್ಲಿ, ಎಡಕ್ಕೆ ಹೋಗಬೇಕೆಂದು ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಸ್ಟೇರಿಂಗ್ ತಿರುಗಿಸಿದೆ. ಛಾವಣಿಯ ಮೇಲೆ ಧಡ್ ಎಂದು ಕೈ ಬಡಿದ ಸದ್ದು. ಬೈಕಿನವನು ನನ್ನ ಕಿಟಕಿಗೂ ಪಕ್ಕದ ವ್ಯಾನಿಗೂ ನಡುವೆ ಇದ್ದ, ಅವನ ಮೊಣಕಾಲು ನನ್ನ ಬಾಗಿಲಿಗೆ ತಾಗಿತ್ತು. ನಾನು ಬ್ರೇಕ್ ಒತ್ತಿದೆ, ಅವನೂ ನಿಂತ. ಮುಖಗವಚ ಎತ್ತಿದ, ಬಿಳಿ ಗಡ್ಡ, ಸುಮಾರು ಅರವತ್ತು ವಯಸ್ಸು. ಬಯ್ಯುತ್ತಾನೆ ಎಂದು ಕಾದೆ. "ನೀವು ಈ ಊರಿಗೆ ಹೊಸಬರೇ?" ಎಂದು ಕೇಳಿದ. ಹೌದೆಂದೆ. "ಇಲ್ಲಿ ನಾವು ಇರುತ್ತೇವೆ. ಪ್ರತಿ ಸಲವೂ ಇದ್ದೇವೆ ಎಂದುಕೊಂಡೇ ತಿರುಗಿಸಿ" ಎಂದು ಹೇಳಿ ಹೊರಟುಹೋದ. ಕೈ ನಡುಗಿ ಮುಂದಿನ ನಿರ್ಗಮನದಲ್ಲಿ ಇಳಿದು ಪೆಟ್ರೋಲ್ ಬಂಕಿನಲ್ಲಿ ಕಾಲು ಗಂಟೆ ಕುಳಿತಿದ್ದೆ. ಮಡಿವಾಳದ ಆ ಬಸ್ ಡ್ರೈವರ್ ಮುಗಿದ ಕೈ ಕಣ್ಣ ಮುಂದೆ ಬಂತು. ಅಂದು ಅವನ ಪರವಾಗಿ ನಾನು ಒಂದು ಮಾತೂ ಆಡಿರಲಿಲ್ಲ.

ಆ ಮುದುಕ ಹೇಳಿದ ಮಾತನ್ನೇ ನಾನು ಕ್ಯಾಲಿಫೋರ್ನಿಯಾದ ಕಾನೂನಿನ ಸಾರ ಎಂದು ತಿಳಿಯುತ್ತೇನೆ. ಅಲ್ಲಿ ಬೈಕು ಬರುತ್ತದೆ ಎಂಬುದು ಕಾರಿನವರ ಎಣಿಕೆಯಲ್ಲಿರುತ್ತದೆ. ಬೇಕೆಂದೇ ಅಡ್ಡ ಬಂದು ದಾರಿ ಕಟ್ಟುವುದು, ಬಾಗಿಲು ತೆರೆದು ತಡೆಯುವುದು ಅಪರಾಧ ಎಂದು ಪೊಲೀಸರ ಸೂಚನೆಯಲ್ಲೇ ಇದೆ. ದೊಡ್ಡ ಲಾರಿಗಳ ಪಕ್ಕ ನುಸುಳಬೇಡಿ, ವೇಗ ಏರಿದಷ್ಟೂ ಅಪಾಯ ಏರುತ್ತದೆ, ತೀರಾ ಎಡದ ಎರಡು ಪಥಗಳ ನಡುವಿನ ಸಂದಿಯೇ ಸಾಮಾನ್ಯವಾಗಿ ಮೇಲು ಎಂದು ಸವಾರರಿಗೂ ಹೇಳಿದ್ದಾರೆ. ಈ ಕೊನೆಯ ಮಾತು ಪುಟ್ಟದಾಗಿ ಕಂಡರೂ ಅದರ ಬೆಲೆ ದೊಡ್ಡದು: ಎಲ್ಲಿ ಹುಡುಕಬೇಕೆಂದು ಕಾರಿನವರಿಗೆ ಗೊತ್ತಾಗುತ್ತದೆ. ಕೊನೆಕೊನೆಗೆ ನಾನೇ ಅಲ್ಲಿ ಬೈಕಿನಲ್ಲಿ ಹೋಗುವಾಗ, ಜಗಲಿಯಲ್ಲಿ ಕುಳಿತವರು ಒಳಹೋಗುವವರಿಗೆ ಕಾಲು ಮಡಚಿಕೊಳ್ಳುವ ಹಾಗೆ ಕಾರುಗಳು ಒಂದೊಂದಾಗಿ ಎಡಕ್ಕೆ ಸರಿಯುತ್ತಿದ್ದವು. ನಾನು ಎಡಗೈ ಎತ್ತಿ ಧನ್ಯವಾದ ಹೇಳುತ್ತಾ ಹೋಗುತ್ತಿದ್ದೆ. ಎಲ್ಲರೂ ಸರಿಯುತ್ತಿದ್ದರು ಎಂದೇನಲ್ಲ. ಆದರೆ ಸರಿಯದವರಿಗೂ ನಾನು ಇದ್ದೇನೆ ಎಂಬುದು ತಿಳಿದಿರುತ್ತಿತ್ತು.

ಅಂಕಿ ಅಂಶ ಬೇಕೆನ್ನುವವರು ಸಾಮಾನ್ಯವಾಗಿ ಬರ್ಕ್ಲಿ ವಿಶ್ವವಿದ್ಯಾಲಯದ 2015ರ ಅಧ್ಯಯನವನ್ನು ತರುತ್ತಾರೆ. ಅಪಘಾತಕ್ಕೆ ಸಿಕ್ಕಿದ 5,969 ಸವಾರರ ಪೊಲೀಸ್ ದಾಖಲೆ ನೋಡಿದ ಅಧ್ಯಯನ ಅದು. ಅವರಲ್ಲಿ 997 ಮಂದಿ ಆ ಹೊತ್ತಿಗೆ ಪಥಗಳ ನಡುವೆ ಸಾಗುತ್ತಿದ್ದವರು. ಅವರಲ್ಲಿ ತಲೆಗೆ ಪೆಟ್ಟಾದವರು ಶೇ 9, ಉಳಿದ ಸವಾರರಲ್ಲಿ ಶೇ 17. ಸತ್ತವರು ಶೇ 1.2, ಉಳಿದವರಲ್ಲಿ ಶೇ 3. ಹಿಂದಿನಿಂದ ಗುದ್ದಿಸಿಕೊಂಡವರೂ ಕಡಿಮೆ, ಶೇ 4.6ರ ಎದುರು ಶೇ 2.6. ಸುರಂಗದ ಮುಂದೆ ಕನ್ನಡಿ ನೋಡುತ್ತಾ ಕೂರುವ ನನಗೆ ಈ ಕೊನೆಯ ಅಂಕಿ ಮೈಗೆ ತಾಗುತ್ತದೆ. ಆದರೆ ಈ ಅಧ್ಯಯನಕ್ಕೆ ಆಗದ ಒಂದು ಕೆಲಸವಿದೆ, ಅದನ್ನು ಬೈಕಿನ ಪರ ಮಾತಾಡುವವರು ನುಂಗಿಹಾಕುತ್ತಾರೆ. ಅದು ಅಪಘಾತವಾದವರನ್ನು ಮಾತ್ರ ನೋಡಿತು. ಅಪಘಾತವಾಗದೆ ಮನೆ ಸೇರಿದವರನ್ನು ಎಣಿಸದೆ, ಸಂದಿಯಲ್ಲಿ ಹೋದರೆ ಅಪಘಾತವೇ ಕಡಿಮೆಯೋ ಹೆಚ್ಚೋ ಎಂದು ಹೇಳಲಾಗದು. ಫ್ರಾನ್ಸ್ 2016ರಲ್ಲಿ ಕೆಲವು ಪ್ರದೇಶಗಳಲ್ಲಿ ಇದನ್ನು ಪ್ರಯೋಗವಾಗಿ ಆರಂಭಿಸಿತು. ಐದು ವರ್ಷಗಳ ಕೊನೆಗೆ ಆ ರಸ್ತೆಗಳಲ್ಲಿ ಬೈಕು ಅಪಘಾತಗಳು ಶೇ 12ರಷ್ಟು ಹೆಚ್ಚಿವೆ ಎಂದು ತಿಳಿಯಿತು. ಅಲ್ಲಿಗೆ ಬಿಟ್ಟುಬಿಡಬಹುದಿತ್ತು. ಅವರು ಅದೇ ವರ್ಷ ನಿಯಮ ತಿದ್ದಿ ಎರಡನೇ ಪ್ರಯೋಗ ಶುರು ಮಾಡಿದರು. ಕೊನೆಗೆ 2025ರ ಜನವರಿಯಲ್ಲಿ ಇದನ್ನು ಕಾಯಂ ಕಾನೂನಾಗಿಸಿದರು: 50 ಕಿಲೋಮೀಟರ್ ಮೀರಬಾರದು, ಪಕ್ಕದ ಸಾಲು ಪೂರ್ತಿ ನಿಂತಿದ್ದರೆ 30 ಮೀರಬಾರದು. ತಮಗೆ ಅನುಕೂಲವಲ್ಲದ ಅಂಕಿಯನ್ನು ಎದುರಿಟ್ಟುಕೊಂಡೇ ಕಾನೂನು ಮಾಡಿದ ಆ ಧೈರ್ಯ ನನಗೆ ಹಿಡಿಸುತ್ತದೆ. ಜನ ಹೇಗೂ ಮಾಡುತ್ತಾರೆ, ಮಾಡುವುದನ್ನು ಒಂದು ಅಳತೆಗೆ ತರೋಣ ಎಂಬ ನಿಲುವು ಅದು.

ಇಲ್ಲಿನ ರಾಜ್ಯಗಳು ಒಂದೊಂದಾಗಿ ತಮ್ಮ ಅಳತೆ ಕಂಡುಕೊಳ್ಳುತ್ತಿವೆ. ಯೂಟಾ 2019ರಲ್ಲಿ, ವೇಗಮಿತಿ 45 ಮೈಲಿ ಮೀರದ ರಸ್ತೆಗಳಲ್ಲಿ, ಪೂರ್ತಿ ನಿಂತ ವಾಹನಗಳ ನಡುವೆ ಮಾತ್ರ, 15 ಮೈಲಿ ಮೀರದೆ ಎಂದಿತು. ನನ್ನ ಮಟ್ಟಿಗೆ ಅದು ರೈಲ್ವೆ ಗೇಟಿನ ನಿಯಮಕ್ಕೆ ತೀರಾ ಹತ್ತಿರ. ಮೊಂಟಾನಾ, ಅರಿಜೋನಾ, ಕೊಲೊರಾಡೊ ಆಮೇಲೆ ಬಂದವು. 2025ರ ಜುಲೈನಿಂದ ಮಿನೆಸೋಟಾ 25 ಮೈಲಿಯವರೆಗೆ ಬಿಟ್ಟಿದೆ. ಒರೆಗಾನ್‌ಗೆ ಯಾವುದು ಸರಿ ಎಂದು ಯಾರಾದರೂ ಕೇಳಿದರೆ, ಯೂಟಾದ್ದೇ ಸಾಕು, ಹೆದ್ದಾರಿಗೂ ಅದು ಅನ್ವಯಿಸುವಂತಿದ್ದರೆ ಎನ್ನುತ್ತೇನೆ. ನನಗೆ ಬೇಗ ಹೋಗಬೇಕಾಗಿಲ್ಲ. ಸಾಲಿನ ಕೊನೆಯಲ್ಲಿ ನಿಲ್ಲದಿದ್ದರೆ ಸಾಕು. 2023ರಲ್ಲಿ ಅಮೆರಿಕದಲ್ಲಿ 6,335 ಬೈಕ್ ಸವಾರರು ಸತ್ತರು. ಓಡಿದ ಮೈಲಿಯ ಲೆಕ್ಕದಲ್ಲಿ ಕಾರಿನವರಿಗಿಂತ ನಮಗೆ ಸಾವಿನ ಅಪಾಯ ಸುಮಾರು 28 ಪಟ್ಟು. ಇಂಥ ಸವಾರಿಯನ್ನೇ ಬಿಡಬಾರದೇ ಎಂದು ನನ್ನ ಹೆಂಡತಿ ಕೇಳುತ್ತಾಳೆ. ಅದಕ್ಕೆ ನನ್ನಲ್ಲಿ ಇನ್ನೂ ಸರಿಯಾದ ಉತ್ತರವಿಲ್ಲ. ಕಳೆದ ವರ್ಷ ನಮ್ಮ ಕ್ಷೇತ್ರದ ಶಾಸಕರ ಕಚೇರಿಗೆ ಎರಡು ಪುಟದ ಪತ್ರ ಬರೆದೆ. ಮಡಿವಾಳದ ಕಥೆಯನ್ನೂ ಅದರಲ್ಲಿ ಸೇರಿಸಿದೆ. ಸೇರಿಸಬೇಡ, ನಿನ್ನ ವಾದಕ್ಕೆ ನೀನೇ ಕೊಡಲಿ ಹಾಕಿಕೊಂಡ ಹಾಗಾಗುತ್ತದೆ ಎಂದು ಗೆಳೆಯರೊಬ್ಬರು ಹೇಳಿದರು. ತೆಗೆಯಲು ಮನಸ್ಸಾಗಲಿಲ್ಲ.

ಈ ಸೆಪ್ಟೆಂಬರ್‌ನಲ್ಲಿ ಒಂದು ಬೆಳಗ್ಗೆ ಅದೇ ಇಳಿಜಾರಿನಲ್ಲಿ ನಿಂತಿದ್ದೆ. ಮುಂದೆ ಒಂದು ನೀಲಿ ಕಾರು, ಅದಕ್ಕೆ ಕ್ಯಾಲಿಫೋರ್ನಿಯಾದ ನೋಂದಣಿ ಫಲಕ. ಹಿಂದೆ ಯಾರೂ ಇನ್ನೂ ಬಂದಿರಲಿಲ್ಲ, ನಾನು ಕನ್ನಡಿ ನೋಡುತ್ತಿದ್ದೆ. ಮತ್ತೆ ಮುಂದಕ್ಕೆ ಕಣ್ಣು ಹಾಯಿಸಿದಾಗ ಆ ಕಾರು ಮೆಲ್ಲನೆ ಎಡಕ್ಕೆ ಸರಿಯುತ್ತಿತ್ತು, ಗೆರೆಯ ತೀರಾ ಅಂಚಿಗೆ. ಓಡಿಸುತ್ತಿದ್ದಾಕೆ ತನ್ನ ಕನ್ನಡಿಯಲ್ಲಿ ನನ್ನನ್ನು ನೋಡುತ್ತಿದ್ದಳು. ಬಲಗಡೆ ನನ್ನ ಬೈಕು ಧಾರಾಳವಾಗಿ ಹಿಡಿಸುವಷ್ಟು ಸಂದಿ ತೆರೆದಿತ್ತು, ಅದರ ಆಚೆ ಸುರಂಗದ ಬಾಯಿಯವರೆಗೂ ಖಾಲಿ. ನಾನು ಕೈ ಎತ್ತಿ ಧನ್ಯವಾದ ಹೇಳಿದೆ, ಕಾಲು ನೆಲದ ಮೇಲೆಯೇ ಇಟ್ಟುಕೊಂಡೆ. ಅವಳು ಸ್ವಲ್ಪ ಹೊತ್ತು ಕಾದಳು. ಕಿಟಕಿಯಿಂದ ಕೈ ಹೊರಗೆ ಹಾಕಿ, ಹೋಗಿ ಎಂದು ಸನ್ನೆ ಮಾಡಿದಳು. ನಾನು ತಲೆಯಾಡಿಸಿದೆ. ಮುಂದಿನ ವಾಹನಗಳು ಹತ್ತಡಿ ಸರಿದವು, ನೀಲಿ ಕಾರು ಮತ್ತೆ ಪಥದ ನಡುವಿಗೆ ಬಂತು. ನಾನು ಬಲಗನ್ನಡಿಗೆ ಕಣ್ಣು ಹಿಂತಿರುಗಿಸಿದೆ.